ಇಲ್ಲ ಎಂದವರಿಗೆ

ಮಾರ್ಚ್ ತಿಂಗಳು. ದ್ರಾವಾ ನದಿಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ.
ಪ್ತುಯ್ ಊರಿನ ಜೇನುಸಾಕಣೆ ಸಂಘದ ಎರಡನೇ ಮಹಡಿಯಲ್ಲಿ ಕೂತು
ನಾನೊಂದು ಫಾರಂ ಕಟ್ಟಿದೆ,
ಚಳಿಗಾಲ ಎಷ್ಟು ಗೂಡು ತಿಂದಿತು ಎಂಬ ಲೆಕ್ಕಕ್ಕೆ.

ಹೋದ ವರ್ಷದ್ದು ಕಾಗದದ್ದು. ನಲವತ್ತೊಂದು ಪ್ರಶ್ನೆ,
ಎಲ್ಲರಿಗೂ ಎಲ್ಲವೂ.
ಒಂದೇ ಪೆಟ್ಟಿಗೆ ಇಟ್ಟವನಿಗೂ ಲಾರಿಯ ವಿವರ ಕೇಳುತ್ತಿತ್ತು.
ಜನ ಅಂಚಿನಲ್ಲಿ ಬೈಗುಳ ಬರೆದು ಕಳಿಸಿದ್ದರು,
ಒಬ್ಬರು ಹಂದಿಯ ಚಿತ್ರ.

ಅದಕ್ಕೇ ಈ ಸಲ ಷರತ್ತು ಹಾಕಿದೆ.
ಪ್ರಶ್ನೆ ಮೂರು: ಈಗ ನಿಮ್ಮ ಬಳಿ ಜೇನುಗೂಡು ಇದೆಯೇ?
ಇದೆ ಎಂದರೆ ನಾಲ್ಕು ಬಿಚ್ಚಿಕೊಳ್ಳಬೇಕು,
ನಾಲ್ಕರಲ್ಲಿ ಹತ್ತಕ್ಕಿಂತ ಹೆಚ್ಚೆಂದರೆ ಐದು,
ಐದರಲ್ಲಿ ಕಾಡಿಗೆ ಸಾಗಿಸುತ್ತೇನೆಂದರೆ ಲಾರಿ,
ಲಾರಿ ಎಂದರೆ ಹಗಲೋ ರಾತ್ರಿಯೋ.
ಎಲ್ಲ ಒಂದು 'ರೆ'ಯ ತಿರುಗಣಿಯ ಮೇಲೆ.
ಎಷ್ಟು ಸಣ್ಣ ಅಕ್ಷರ! ಮಾತಿನ ಬಾಲಕ್ಕೆ ಅಂಟಿಕೊಂಡು
ಇಡೀ ಮನೆಯ ಬಾಗಿಲು ತೆಗೆಸುತ್ತದೆ.
ಒತ್ತಿದರೆ ಸಾಲು ಮೂಡುತ್ತಿತ್ತು, ಬಿಟ್ಟರೆ ಒಳಗೆಳೆದುಕೊಳ್ಳುತ್ತಿತ್ತು
ಬಸವನಹುಳುವಿನ ಕೊಂಬಿನಂತೆ.
ಊಟ ಬಿಟ್ಟು ಅದನ್ನೇ ಒತ್ತುತ್ತ ಕೂತೆ.

ಇಲ್ಲ ಎಂದರೆ?
ನೇರ ಕೊನೆಗೆ: 'ಧನ್ಯವಾದ. ನಿಮ್ಮ ಉತ್ತರ ದಾಖಲಾಗಿದೆ.'
ಇಲ್ಲದವರ ಹೊತ್ತು ಯಾಕೆ ಹಾಳು ಮಾಡುವುದು.
ಅದನ್ನು ಸೌಜನ್ಯ ಎಂದುಕೊಂಡಿದ್ದೆ.

ಮಂಗಳವಾರ ಫೋನು.
ಹಾಲೋಜೆ ಗುಡ್ಡದಿಂದ ಒಟ್ಮಾರ್ ಎಂಬಾತ.
'ನಿಮ್ಮ ಫಾರಂ ನನ್ನನ್ನು ಆಚೆಗೆ ಹಾಕಿತು' ಅಂದ.
ಕೆಟ್ಟಿರಬೇಕು, ಇನ್ನೊಮ್ಮೆ ತೆರೆದು ನೋಡಿ ಅಂದೆ.
'ಕೆಟ್ಟಿಲ್ಲ. ಗೂಡು ಇದೆಯಾ ಅಂತ ಕೇಳಿತು. ಇಲ್ಲ ಅಂದೆ.
ಧನ್ಯವಾದ ಅಂತು.
ಮೂರು ಸಲ ಮಾಡಿದೆ. ಮೂರು ಸಲವೂ ಧನ್ಯವಾದ.'
ಸ್ವಲ್ಪ ಹೊತ್ತು ಕೆಮ್ಮು.
'ಇಪ್ಪತ್ತಾರು ಇದ್ದವು. ಡಿಸೆಂಬರಿನಲ್ಲಿ ಕಿವಿಯಿಟ್ಟಾಗ ಗುಂಯ್ ಅನ್ನುತ್ತಿದ್ದವು.
ಫೆಬ್ರವರಿಯಲ್ಲಿ ಕಿವಿಯಿಟ್ಟರೆ
ಬರೀ ನನ್ನ ಕಿವಿಯ ಸದ್ದು.'

ನಮ್ಮ ಅಜ್ಜಿಯ ಕಾಲದ ರೂಢಿ: ಮನೆಯ ಯಜಮಾನ ತೀರಿಕೊಂಡರೆ
ಯಾರಾದರೂ ಹೋಗಿ ಗೂಡಿನ ಹಲಗೆ ತಟ್ಟಿ
ಜೇನಿಗೆ ತಿಳಿಸಬೇಕು.
ಜೇನೇ ತೀರಿಕೊಂಡರೆ ಯಾರ ಬಾಗಿಲು ತಟ್ಟುವುದು?
ಅಜ್ಜಿ ಅದನ್ನು ಹೇಳಿರಲಿಲ್ಲ.
ಒಟ್ಮಾರ್ ನನ್ನ ಫಾರಂ ತಟ್ಟಿದ್ದ. ಮೂರು ಸಲ.

ಫೋನಿಟ್ಟು ಲೆಕ್ಕ ತೆಗೆದೆ.
ಬಂದ ಉತ್ತರ ಇನ್ನೂರ ಹದಿನೆಂಟು. 'ಇಲ್ಲ' ಮೂವತ್ತೇಳು.
ನಷ್ಟದ ಸಮೀಕ್ಷೆಯಲ್ಲಿ
ಎಲ್ಲ ಕಳೆದುಕೊಂಡವರನ್ನು ಹೊಸಿಲಲ್ಲೇ ಕಳಿಸಿ
ಚೂರುಪಾರು ಕಳೆದುಕೊಂಡವರನ್ನು ಕೂರಿಸಿ ಕೇಳಿದ್ದೆ.
ಮೇಜಿನಾಚೆ ಮಿಲೆನ್ಕಾ
ಈ ವರ್ಷ ನಷ್ಟ ಕಡಿಮೆ ಅನ್ನುತ್ತ
ಹಸಿರು ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು.

ಆ ಸಂಜೆ 'ಇಲ್ಲ'ದ ಕೆಳಗೊಂದು ಬಾಗಿಲು ಕೊರೆದೆ.
ಇಲ್ಲ ಎಂದರೆ: ಮೊದಲು ಎಷ್ಟಿದ್ದವು?
ಇಲ್ಲ ಎಂದರೆ: ಯಾವತ್ತು ಗೊತ್ತಾಯಿತು?
'ಹೇಗೆ' ಅಂತಲೂ ಬರೆದು ಅಳಿಸಿದೆ.
ಮತ್ತೆ ಇಡುತ್ತೀರಾ?
ಅದಕ್ಕೂ ಇಲ್ಲ ಎಂದರೆ
ಒಂದು ಖಾಲಿ ಚೌಕ, ಅಕ್ಷರಗಳ ಮಿತಿಯಿಲ್ಲದ್ದು,
ಕಡ್ಡಾಯದ ಕೆಂಪು ಚುಕ್ಕಿಯಿಲ್ಲದ್ದು.
ಇದನ್ನು ಯಾವ ಗೆರೆಯಲ್ಲಿ ತೋರಿಸುತ್ತೀ, ಕೇಳಿದಳು ಮಿಲೆನ್ಕಾ.
ಗೊತ್ತಿಲ್ಲ ಅಂದೆ.

ಮೂವತ್ತೇಳು ಮಂದಿಗೂ ಲಿಂಕ್ ಮತ್ತೆ ಹೋಯಿತು.
ತೆರೆದವರು ಹದಿನಾಲ್ಕು.
ಒಟ್ಮಾರ್ ಬರೆದದ್ದು ರಾತ್ರಿ ಎರಡಕ್ಕೆ:

'ಇಪ್ಪತ್ತಾರು. ಫೆಬ್ರವರಿ ಒಂಬತ್ತು. ಇಲ್ಲ.
ಖಾಲಿ ಪೆಟ್ಟಿಗೆಗಳ ಹಲಗೆಗೆ ತಂಗಿ ಬಣ್ಣ ಹಚ್ಚುತ್ತಿದ್ದಾಳೆ,
ಕಾಡುಪ್ರಾಣಿಗಳು ಬೇಟೆಗಾರನ ಹೆಣ ಹೊರುವ ಹಳೇ ಚಿತ್ರ.
ಕರಡಿಯ ಮೂಗು ಸರಿ ಬಂದಿಲ್ಲ.
ನಿನ್ನೆ ಒಂದು ಜೇನು ಬಂದು ಅದರ ಮೇಲೆ ಕೂತಿತ್ತು.
ನನ್ನದಲ್ಲ.'

ಅಲ್ಲ.
ಮೂರನೇ ಪ್ರಶ್ನೆಗೆ ನಾನಿಟ್ಟದ್ದು ಎರಡೇ ಗುಂಡಿ.
ಈ ಮಾತಿಗೆ ಒಂದೂ ಇರಲಿಲ್ಲ.